ಸೀರಿಯಲ್ ಬಫರ್ ಚಿಪ್ 10 ಮಿಲಿಸೆಕೆಂಡಿಗೆ ಕೋಡಿ ಬೀಳ್ತಿದೆ, ಲೆಕ್ಕ ಮಾತ್ರ ಸರಿ ಇದೆ. ಎಲ್ಲಿ ತಪ್ಪು?

ತೂಬು_ಕಾವಲು
ಜೋಡಣೆ ಹೀಗಿದೆ: ಎಫ್‌ಪಿಜಿಎ (ಒಳಗಿನ ಸರ್ಕಿಟ್ ನಾವೇ ಬರೆಯೋ ಚಿಪ್), ಅದರ ಮುಂದೆ ಸೀರಿಯಲ್ ಬಫರ್ ಚಿಪ್ (ಪ್ಯಾಕೆಟ್ ಸ್ವಲ್ಪ ಹೊತ್ತು ಹಿಡಿದಿಡೋದು), ಅದರ ಮುಂದೆ ಚಿಪ್ಪುಗಳ ನಡುವೆ ಪ್ಯಾಕೆಟ್ ಸಾಗಿಸೋ ರ‍್ಯಾಪಿಡ್‌ಐಒ ಸ್ವಿಚ್, ಕೊನೆಗೆ ಎರಡು ಡಿಎಸ್‌ಪಿ (ಸಿಗ್ನಲ್ ಲೆಕ್ಕ ಮಾಡೋ ಪ್ರೊಸೆಸರ್). ಎಲ್ಲ ಲಿಂಕೂ 4ಎಕ್ಸ್ (ನಾಲ್ಕು ಲೇನ್ ಒಟ್ಟಿಗೆ; 1ಎಕ್ಸ್ ಅಂದ್ರೆ ಒಂದೇ ಲೇನ್), ಲೇನಿಗೆ 3.125 ಗಿಗಾಬಾಡ್.

ಎಫ್‌ಪಿಜಿಎಯಿಂದ ನಾಲ್ಕು ಆಂಟೆನಾದ ಎಲ್‌ಟಿಇ 20 ಮೆಗಾಹರ್ಟ್ಸ್ ಸ್ಯಾಂಪಲ್ ಬರತ್ತೆ. ಆಂಟೆನಾಗೆ ಸೆಕೆಂಡಿಗೆ 30.72 ಮೆಗಾಸ್ಯಾಂಪಲ್, ಒಂದೊಂದಕ್ಕೆ 32 ಬಿಟ್. ಅಂದ್ರೆ ಆಂಟೆನಾಗೆ 983.04 ಮೆಗಾಬಿಟ್, ನಾಲ್ಕಕ್ಕೆ 3.93 ಗಿಗಾಬಿಟ್. 1 ಮಿಲಿಸೆಕೆಂಡಿನ ಸಬ್‌ಫ್ರೇಮಿಗೆ 4,91,520 ಬೈಟ್, 256 ಬೈಟಿನ ಪ್ಯಾಕೆಟ್ ಸರಿಯಾಗಿ 1920. ಬಫರಿನಲ್ಲಿ ಎರಡು ಕ್ಯೂ, ಡಿಎಸ್‌ಪಿಗೊಂದು. ಮೆಮೊರಿ 18 ಮೆಗಾಬಿಟ್, ಅರ್ಧರ್ಧ ಹಂಚಿದ್ದೇನೆ.

ಲಿಂಕಿಗೆ 8ಬಿ/10ಬಿ (8 ಬಿಟ್ ಡೇಟಾಗೆ ತಂತಿಯಲ್ಲಿ 10 ಬಿಟ್) ಕಳೆದು 10 ಗಿಗಾಬಿಟ್ ಸಿಗತ್ತೆ, ನಮಗೆ ಬೇಕಾಗಿರೋದು 4ಕ್ಕಿಂತ ಕಡಿಮೆ. ಆದ್ರೂ ಬೋರ್ಡು ಆನ್ ಮಾಡಿದಾಗ ಹತ್ತರಲ್ಲಿ ಏಳು ಸಲ ಗಂಟೆಗಟ್ಟಲೆ ಚೆನ್ನಾಗಿ ಓಡತ್ತೆ, ಮೂರು ಸಲ ಸ್ಟ್ರೀಮ್ ಶುರುವಾಗಿ 10-11 ಮಿಲಿಸೆಕೆಂಡಿಗೆ ಎರಡೂ ಕ್ಯೂ ತುಂಬಿ ‘ಫುಲ್’ ಫ್ಲಾಗ್ ಬೀಳತ್ತೆ. ಆಮೇಲೆ ಎಫ್‌ಪಿಜಿಎ ಕಡೆಗೆ ರೀಟ್ರೈ (‘ಜಾಗ ಇಲ್ಲ, ಮತ್ತೆ ಕಳಿಸು’) ಮೇಲೆ ರೀಟ್ರೈ, ಅದರೊಳಗಿನ ಫಿಫೋನೂ (ಸರದಿ ಮೆಮೊರಿ) ಉಕ್ಕಿ ಸ್ಯಾಂಪಲ್ ಕಳೆದುಹೋಗತ್ತೆ. ರೀಸೆಟ್ ಮಾಡಿದ್ರೆ ಮತ್ತೆ ಸರಿ. ಎಲ್ಲಿಂದ ಹುಡುಕಲಿ?

ಕಣಜ
ಮೊದಲು ಇಷ್ಟು ಹೇಳಿ. ಬಫರ್ ತಾನೇ ಡಿಎಸ್‌ಪಿ ಮೆಮೊರಿಗೆ ತಳ್ಳತ್ತೋ, ಡಿಎಸ್‌ಪಿ ಬಂದು ಓದಿಕೊಳ್ಳತ್ತೋ? ವಾಟರ್‌ಮಾರ್ಕ್ (ಎಷ್ಟು ಪ್ಯಾಕೆಟ್ ಸೇರಿದ್ರೆ ಕಳಿಸೋದು) ಎಷ್ಟಿಟ್ಟಿದ್ದೀರಿ? ಡೋರ್‌ಬೆಲ್ (‘ಡೇಟಾ ಬಂತು’ ಅನ್ನೋ ಸೂಚನೆಯ ಪ್ಯಾಕೆಟ್) ಯಾವಾಗ ಹೋಗತ್ತೆ?

ಹಳೇಸ್ಕೋಪು
ಡಿಎಸ್‌ಪಿ ನಿಧಾನ. ಬೇರೇನೂ ಇಲ್ಲ. ಎರಡು ಡಿಎಸ್‌ಪಿಯಲ್ಲಿ ಯಾವುದೋ ಒಂದು ಬೂಟ್ ಆಗೋವಾಗ ಕ್ಯಾಷ್ ಆನ್ ಆಗದೆ ಉಳಿದಿರತ್ತೆ, ಅದಕ್ಕೇ ಹತ್ತಕ್ಕೆ ಮೂರು ಸಲ.

ತೂಬು_ಕಾವಲು
@ಕಣಜ ತಳ್ಳೋ ವಿಧಾನ. ಎಲ್ಲ ಎಸ್‌ರೈಟ್ (ಉತ್ತರಕ್ಕೆ ಕಾಯದೆ ಬರೆಯೋ ಪ್ಯಾಕೆಟ್), ಪ್ರಯಾರಿಟಿ 1. ವಾಟರ್‌ಮಾರ್ಕ್ 120 ಪ್ಯಾಕೆಟ್. 120 ಹೋದಮೇಲೆ ಒಂದು ಡೋರ್‌ಬೆಲ್, ಪ್ರಯಾರಿಟಿ 2.
@ಹಳೇಸ್ಕೋಪು ಡಿಎಸ್‌ಪಿ ಓದಲಿ ಬಿಡಲಿ ಎಸ್‌ರೈಟ್ ನಿಲ್ಲಲ್ಲ, ಮೆಮೊರಿಯ ರಿಂಗ್ (ತುದಿ ಮುಟ್ಟಿದ್ರೆ ಮತ್ತೆ ಮೊದಲಿಂದ ಬರೆಯೋ ಜಾಗ) ಮೇಲೇ ಸುತ್ತತ್ತೆ. ಕೋರ್ ನಿಧಾನ ಆದ್ರೆ ಹಳೆ ಡೇಟಾ ಅಳಿಸಿಹೋಗಬೇಕು, ಬಫರ್ ಯಾಕೆ ತುಂಬಬೇಕು?

ಎಂಟಕ್ಕೆ_ಹತ್ತು
ಅಯ್ಯೋ, ಡೋರ್‌ಬೆಲ್ 2, ಡೇಟಾ 1? ಅದೊಂದು ಬೇರೆಯೇ ಬಾಂಬು. ಆಮೇಲೆ ಬರ್ತೀನಿ ಅದಕ್ಕೆ.

ಬಿಟ್‌ಎಣಿಕೆ
ತಡೀರಿ. ಕಾರಣ ಊಹಿಸೋದಕ್ಕೆ ಮುಂಚೆ ಆ 10 ಮಿಲಿಸೆಕೆಂಡನ್ನೇ ಹಿಂಡೋಣ. ಬಫರ್ ತುಂಬೋಕೆ ಹಿಡಿಯೋ ಸಮಯ ಗೊತ್ತಿದ್ರೆ ಅದು ಖಾಲಿಯಾಗ್ತಿದ್ದ ವೇಗ ತಾನಾಗೇ ಗೊತ್ತಾಗತ್ತೆ.

ಮೊದಲು ಒಂದು ತಿದ್ದುಪಡಿ. 18 ಮೆಗಾಬಿಟ್ ಅಂತ ಬರೆದ ಮೆಮೊರಿಯಲ್ಲಿ ಸಾಮಾನ್ಯವಾಗಿ ಬೈಟಿಗೆ 9 ಬಿಟ್ ಇರತ್ತೆ, ಒಂಬತ್ತನೇದು ಪ್ಯಾರಿಟಿಗೋ ಗುರುತಿಗೋ ಹೋಗತ್ತೆ. ಡೇಟಾಗೆ ಸಿಗೋದು 16 ಮೆಗಾಬಿಟ್, ಅಂದ್ರೆ 2 ಮೆಗಾಬೈಟ್. ನಿಮ್ಮ ಡೇಟಾಶೀಟಲ್ಲಿ ಖಾತ್ರಿ ಮಾಡಿಕೊಳ್ಳಿ.

ಈಗ ಲೆಕ್ಕ. ಒಳಬರೋದು 3.93 ಗಿಗಾಬಿಟ್. ಹೊರಗೆ ಒಂದು ಹನಿಯೂ ಹೋಗದಿದ್ರೆ 16.78 ಮಿಲಿಯನ್ ಬಿಟ್ ತುಂಬೋಕೆ 4.27 ಮಿಲಿಸೆಕೆಂಡ್ ಸಾಕು. ನಿಮಗೆ 10-11 ಹಿಡೀತಿದೆ. ಅಂದ್ರೆ ತೂಬು ಮುಚ್ಚಿಲ್ಲ, ಅರ್ಧಂಬರ್ಧ ತೆರೆದಿದೆ. 10.5 ಅಂತಿಟ್ಟುಕೊಳ್ಳಿ: ನೀರು ಏರ್ತಿರೋ ವೇಗ 1.6 ಗಿಗಾಬಿಟ್, ಹೊರಹೋಗ್ತಿರೋದು 3.93 ಕಳೆ 1.6, ಸುಮಾರು 2.33.

ಈ 2.33 ಎಲ್ಲೋ ನೋಡಿದ ಸಂಖ್ಯೆ ಅನ್ಸಲ್ವಾ? ಒಂದೇ ಲೇನ್ 3.125 ಗಿಗಾಬಾಡಲ್ಲಿ ಓಡಿದ್ರೆ 8ಬಿ/10ಬಿ ಕಳೆದು 2.5. ಎಸ್‌ರೈಟ್ ಪ್ಯಾಕೆಟಲ್ಲಿ 256 ಬೈಟ್ ಪೇಲೋಡ್, 8 ಬೈಟ್ ಹೆಡರ್, 80ನೇ ಬೈಟಿನ ನಂತರ ಬರೋ ಮಧ್ಯದ ಸಿಆರ್‌ಸಿ (ತಪ್ಪು ಪತ್ತೆಯ ಸಂಕೇತ) 2, ಕೊನೇ ಸಿಆರ್‌ಸಿ 2, ಒಟ್ಟು 268. ಮುಂದೊಂದು ಹಿಂದೊಂದು 4 ಬೈಟಿನ ಕಂಟ್ರೋಲ್ ಸಿಂಬಲ್ (ಲಿಂಕಿನ ಸಂಕೇತ) ಸೇರಿದ್ರೆ 276. 2.5 ಗುಣಿಸು 256, ಭಾಗಿಸು 276: 2.32.

ಬಫರ್ ಮತ್ತು ಸ್ವಿಚ್ ನಡುವಿನ ಲಿಂಕು ಆ ಮೂರು ಸಲ 4ಎಕ್ಸ್ ಆಗಿ ಏಳದೆ 1ಎಕ್ಸ್ ಆಗಿ ಎದ್ದಿದೆ. ಎರಡೂ ಕ್ಯೂ ಒಟ್ಟಿಗೇ ತುಂಬ್ತಿರೋದೂ ಅದಕ್ಕೇ, ಇಬ್ಬರಿಗೂ ಅದೊಂದೇ ದಾರಿ.

ಸುಮ್ನೆ_ಓದುಗ
ಇದು ಚೆನ್ನಾಗಿದೆ 👏

ಹಳೇಸ್ಕೋಪು
ಎರಡೂ ಒಟ್ಟಿಗೆ ತುಂಬ್ತಿವೆ ಅನ್ನೋದು ಸಾಕ್ಷಿನೇ ಅಲ್ಲ. ಬಫರ್ ಒಂದು ಪ್ಯಾಕೆಟ್ ಡಿಎಸ್‌ಪಿ ಎ-ಗೆ, ಒಂದು ಡಿಎಸ್‌ಪಿ ಬಿ-ಗೆ ಅಂತ ಸರದಿಯಲ್ಲಿ ಕಳಿಸಿದ್ರೆ, ಬಿ ನಿಧಾನ ಆದ ತಕ್ಷಣ ಸ್ವಿಚ್ಚಿನ ಇನ್‌ಪುಟ್ ಬಫರಿನಲ್ಲಿ ಬಿ-ಯ ಪ್ಯಾಕೆಟ್ಟುಗಳು ತಲೆ ಅಡ್ಡ ಹಾಕಿ ನಿಲ್ತವೆ. ಹಿಂದಿರೋ ಎ-ಯ ಪ್ಯಾಕೆಟ್ಟಿಗೂ ದಾರಿ ಇಲ್ಲ. ಆಗಲೂ ಎರಡು ಕ್ಯೂ ಒಂದೇ ವೇಗದಲ್ಲಿ ತುಂಬ್ತವೆ.

ಬಿಟ್‌ಎಣಿಕೆ
ಒಪ್ಪಿದೆ, ಆ ಸಾಲು ವಾಪಸ್ ತಗೊಂಡೆ. ಆದ್ರೆ 2.32 ಅನ್ನೋ ಸಂಖ್ಯೆಗೆ ನಿಮ್ಮ ಹತ್ರ ಉತ್ತರ ಏನು? ಡಿಎಸ್‌ಪಿ ಬಿ ಸುಮ್ಮನೆ ನಿಧಾನ ಆದ್ರೆ ಸರಿಯಾಗಿ ಒಂದು ಲೇನಿನ ವೇಗಕ್ಕೇ ಬಂದು ನಿಲ್ಲಬೇಕು ಅಂತ ಏನಿದೆ?

ಹಳೇಸ್ಕೋಪು
ಬಿ-ಯ ಲಿಂಕೇ 1ಎಕ್ಸ್ ಆಗಿರಬಹುದಲ್ಲ. ಬಫರ್-ಸ್ವಿಚ್ ಲಿಂಕೇ ಯಾಕಾಗಬೇಕು?

ಬಿಟ್‌ಎಣಿಕೆ
ಬಿ-ಗೆ ಹೋಗೋದು ಎರಡೇ ಆಂಟೆನಾ, 1.97 ಗಿಗಾಬಿಟ್. ಹೆಡರ್ ಸೇರಿ 2.12. 1ಎಕ್ಸ್ ಲಿಂಕಿನ 2.5ರಲ್ಲಿ ಶೇ. 85. ಏದುಸಿರು ಬಿಟ್ಟುಕೊಂಡಾದರೂ ಸಾಗಿಹೋಗತ್ತೆ, ಕ್ಯೂ ತುಂಬಲ್ಲ. ನಾಲ್ಕೂ ಆಂಟೆನಾ ಒಟ್ಟಿಗೆ ಹಾಯೋ ಲಿಂಕು ಎರಡೇ, ಎಫ್‌ಪಿಜಿಎ-ಬಫರ್ ಮತ್ತು ಬಫರ್-ಸ್ವಿಚ್. ಮೊದಲನೇದು 1ಎಕ್ಸ್ ಆಗಿದ್ರೆ ಬಫರ್ ತುಂಬೋ ಬದಲು ಎಫ್‌ಪಿಜಿಎಯ ಫಿಫೋ ಮೊದಲು ಉಕ್ಕಬೇಕಿತ್ತು. ಉಳಿದದ್ದು ಎರಡನೇದು.

ಲೇನ್_ಎರಡು
ವಾದ ಯಾಕೆ, ಲಿಂಕಿನ ಸ್ಥಿತಿ ಹೇಳೋ ರಿಜಿಸ್ಟರ್ ಓದಿ. ಹೆಕ್ಸ್ 0ಸಿ-ಯಲ್ಲಿರೋ ಅಸೆಂಬ್ಲಿ ಮಾಹಿತಿ ರಿಜಿಸ್ಟರಿನ ಕೆಳಗಿನ 16 ಬಿಟ್ ಅಂದ್ರೆ ವಿಸ್ತರಿತ ಬ್ಲಾಕುಗಳ ಮೊದಲ ವಿಳಾಸ, ಹೆಚ್ಚಾಗಿ ಹೆಕ್ಸ್ 100. ಸೀರಿಯಲ್ ಪೋರ್ಟಿನ ಬ್ಲಾಕ್ ಸಿಕ್ಕಮೇಲೆ ಅಲ್ಲಿಂದ ಹೆಕ್ಸ್ 5ಸಿ ದೂರದಲ್ಲಿ ಪೋರ್ಟ್ 0ಯ ಕಂಟ್ರೋಲ್ ರಿಜಿಸ್ಟರ್. ಮುಂದಿನ ಪೋರ್ಟಿಗೆ ಹೆಕ್ಸ್ 20 ಕೂಡಿಸ್ತಾ ಹೋಗಿ.

ಅದನ್ನ ಹೆಕ್ಸ್ 38000000 ಜೊತೆ ಆ್ಯಂಡ್ ಮಾಡಿ. 10000000 ಬಂದ್ರೆ 4ಎಕ್ಸ್. 08000000 ಬಂದ್ರೆ 1ಎಕ್ಸ್, ಲೇನ್ 2. ಸೊನ್ನೆ ಬಂದ್ರೆ 1ಎಕ್ಸ್, ಲೇನ್ 0. ಲಿಂಕಿನ ಎರಡೂ ತುದಿಯಲ್ಲಿ ಓದಿ, ಒಂದೇ ಕಡೆ ನೋಡಿ ನಂಬಬೇಡಿ.

ಪಕ್ಕದಲ್ಲೇ ಹೆಕ್ಸ್ 58 ಇದೆ. ಅದರಲ್ಲಿ 2 ಅನ್ನೋ ಬಿಟ್ ‘ಪೋರ್ಟ್ ಓಕೆ’. ಎಲ್ಲರೂ ಮೋಸ ಹೋಗೋದು ಇಲ್ಲೇ. ಲಿಂಕು 1ಎಕ್ಸಲ್ಲಿ ಎದ್ದರೂ ‘ಪೋರ್ಟ್ ಓಕೆ’ ಹಸಿರೇ.

ತೂಬು_ಕಾವಲು
ಕೆಟ್ಟ ಬೂಟ್ ಬರೋವರೆಗೆ ಕಾಯಬೇಕು. ಓದಿ ಹೇಳ್ತೀನಿ. ನಮ್ಮ ಬೂಟ್ ಕೋಡು ನೋಡೋದು ‘ಪೋರ್ಟ್ ಓಕೆ’ ಒಂದನ್ನೇ 🤦

ಮೆಮೊರಿ ವಿಷಯ: ಡೇಟಾಶೀಟ್ ನೋಡಿದೆ, ಹೌದು, 9 ಬಿಟ್ಟಿನ ಲೆಕ್ಕವೇ.

ಸುಮ್ನೆ_ಓದುಗ
ಒಂದು ದಡ್ಡ ಪ್ರಶ್ನೆ. ಸ್ವಿಚ್ಚಲ್ಲೇ ಬಫರ್ ಇರತ್ತಲ್ಲ, ಮಧ್ಯೆ ಇನ್ನೊಂದು ಚಿಪ್ ಯಾಕೆ? ಇಲ್ಲಾ ಎಫ್‌ಪಿಜಿಎಗೇ ಡಿಡಿಆರ್ ಮೆಮೊರಿ ಹಾಕಿದ್ರೆ?

ಕಣಜ
ದಡ್ಡ ಪ್ರಶ್ನೆ ಏನಲ್ಲ. ಸ್ವಿಚ್ಚಿನ ಬಫರ್ ಇರೋದು ಪೋರ್ಟಿಗೆ ಕೆಲವೇ ಪ್ಯಾಕೆಟ್ಟಿಗೆ. ಬಾಗಿಲ ಹತ್ರ ಚಪ್ಪಲಿ ಬಿಡೋ ಜಾಗ ಇದ್ದಹಾಗೆ, ಅಲ್ಲಿ ಮೂಟೆ ಇಡೋಕಾಗಲ್ಲ. ಇಲ್ಲಿ 0.52 ಮೈಕ್ರೋಸೆಕೆಂಡಿಗೊಂದು ಪ್ಯಾಕೆಟ್ ಬರ್ತಿದೆ. ಡಿಎಸ್‌ಪಿ ಕಡೆ ಮೆಮೊರಿ ಬಸ್ಸು 100 ಮೈಕ್ರೋಸೆಕೆಂಡ್ ಕೈ ಕಟ್ಟಿ ಕೂತ್ರೆ 192 ಪ್ಯಾಕೆಟ್ ಎಲ್ಲಾದರೂ ಇರಲೇಬೇಕು. ಆಂಟೆನಾ ಸಿಗ್ನಲ್ಲನ್ನ ಸ್ಯಾಂಪಲ್ ಮಾಡೋ ಎಡಿಸಿ ‘ತಾಳು’ ಅಂದ್ರೆ ತಾಳೋ ಜಾತಿ ಅಲ್ಲ.

ಎಫ್‌ಪಿಜಿಎ-ಡಿಡಿಆರ್ ಖಂಡಿತ ಮಾಡಬಹುದು. ಬರೆದಷ್ಟೂ ಓದಬೇಕು, ಹಾಗಾಗಿ ಡಿಡಿಆರಿಗೆ ಬೀಳೋ ಹೊರೆ ಎರಡು ಪಟ್ಟು. ರಿಫ್ರೆಶ್, ಓದು-ಬರಹದ ನಡುವೆ ಬಸ್ ತಿರುಗಿಸೋ ಖರ್ಚು ಬೇರೆ. ಕಂಟ್ರೋಲರ್, ಪಿನ್ನು, ಬೋರ್ಡಿನಲ್ಲಿ ಉದ್ದ ಸರಿಹೊಂದಿಸೋ ಕೆಲಸ. ಬಫರ್ ಚಿಪ್ಪಿನಲ್ಲಿ ಇವೆಲ್ಲದರ ಜೊತೆಗೆ ಕ್ಯೂ, ವಾಟರ್‌ಮಾರ್ಕ್, ಡೋರ್‌ಬೆಲ್, ಗುರಿ ವಿಳಾಸ ಹೆಚ್ಚಿಸೋದು, ಎಲ್ಲ ಸಿದ್ಧ ಸಿಗತ್ತೆ.

ಜಿಟ್ಟರ್‌ಜಗಳ
ಸಿದ್ಧ ಸಿಗತ್ತೆ, ಆದ್ರೆ ಬಗ್ ಇದ್ರೆ ಸರಿಮಾಡೋಕೆ ಕೋಡು ನಿಮ್ಮ ಕೈಲಿರಲ್ಲ. ಇವತ್ತು ಹೊಸ ಬೋರ್ಡು ಮಾಡೋದಾದ್ರೆ ನಾನು ಎಫ್‌ಪಿಜಿಎ ಒಳಗಿನ ಬ್ಲಾಕ್ ಮೆಮೊರಿಯಲ್ಲೇ ಮುಗಿಸ್ತೀನಿ.

ಕಣಜ
2 ಮೆಗಾಬೈಟ್ ಬ್ಲಾಕ್ ಮೆಮೊರಿ ಇರೋ ಎಫ್‌ಪಿಜಿಎ ಚಿಕ್ಕದಲ್ಲ ಸ್ವಾಮಿ. 36 ಕಿಲೋಬಿಟ್ಟಿನ ಬ್ಲಾಕ್ ಅಂದ್ರೆ ಪ್ಯಾರಿಟಿ ಬಿಟ್ಟು 4 ಕಿಲೋಬೈಟ್. 32 ಬ್ಲಾಕ್ ಕೊಟ್ರೆ 128 ಕಿಲೋಬೈಟ್, ಈ ವೇಗಕ್ಕೆ 266 ಮೈಕ್ರೋಸೆಕೆಂಡ್. ಅದು ಬಫರ್ ಚಿಪ್ ರೀಟ್ರೈ ಹೇಳಿದಾಗ ಉಸಿರು ಹಿಡಿಯೋಕೆ ಸಾಕು. ಪೂರ್ತಿ ಸಬ್‌ಫ್ರೇಮ್ ಇಡೋಕೆ 120 ಬ್ಲಾಕ್ ಬೇಕು.

ಎಂಟಕ್ಕೆ_ಹತ್ತು
ಡೋರ್‌ಬೆಲ್ ವಿಷಯಕ್ಕೆ ಬಂದೆ. @ತೂಬು_ಕಾವಲು, ರ‍್ಯಾಪಿಡ್‌ಐಒದಲ್ಲಿ ಅನುಕ್ರಮದ ಭರವಸೆ ಇರೋದು ಒಂದೇ ಮೂಲ, ಒಂದೇ ಗುರಿ, ಒಂದೇ ಪ್ರಯಾರಿಟಿ ಇದ್ದಾಗ ಮಾತ್ರ. ಡೇಟಾ 1, ಡೋರ್‌ಬೆಲ್ 2 ಅಂದ್ರೆ ಸ್ವಿಚ್ಚಿನಲ್ಲಿ ಸ್ವಲ್ಪ ದಟ್ಟಣೆ ಆದ ತಕ್ಷಣ ಡೋರ್‌ಬೆಲ್ ಡೇಟಾವನ್ನ ಹಿಂದೆ ಹಾಕಿ ಮೊದಲು ತಲುಪತ್ತೆ. ಡಿಎಸ್‌ಪಿ ‘120 ಪ್ಯಾಕೆಟ್ ಬಂತು’ ಅಂತ ಓದೋಕೆ ಹೋದ್ರೆ ಕೊನೆಯ ನಾಲ್ಕೈದು ಇನ್ನೂ ದಾರಿಯಲ್ಲಿರ್ತವೆ, ಅಲ್ಲಿ ಕೂತಿರೋದು ರಿಂಗಿನ ಹಿಂದಿನ ಸುತ್ತಿನ ಸ್ಯಾಂಪಲ್. ದಟ್ಟಣೆ ಇಲ್ಲದಾಗ ಕೈಗೆ ಸಿಗದ ಬಗ್ ಇದು.

ಡೋರ್‌ಬೆಲ್ಲನ್ನೂ 1ಕ್ಕೆ ಇಳಿಸಿ.

ಅದೂ ಅರ್ಧ ಪರಿಹಾರ. ಡಿಎಸ್‌ಪಿ ಪೋರ್ಟಿನವರೆಗೆ ಅನುಕ್ರಮ ಸರಿ. ಒಳಗೆ ಡೋರ್‌ಬೆಲ್ ನೇರ ಇಂಟರಪ್ಟ್ ಕಂಟ್ರೋಲರಿಗೆ ಹೋಗತ್ತೆ, ಡೇಟಾ ಒಳಗಿನ ಬಸ್ ದಾಟಿ ಮೆಮೊರಿಗೆ ಹೋಗಬೇಕು. ಎರಡು ಬೇರೆ ದಾರಿ. ಗಟ್ಟಿ ವಿಧಾನ ಅಂದ್ರೆ ಕಂತಿನ ಕೊನೇ ಪ್ಯಾಕೆಟ್ಟನ್ನ ಎಸ್‌ರೈಟ್ ಬದಲು ಎನ್‌ರೈಟ್-ಆರ್ (‘ಬರೆದಾಯ್ತು’ ಅಂತ ರೆಸ್ಪಾನ್ಸ್ ಕೊಡೋ ಬಗೆ) ಮಾಡಿ, ಅದರ ರೆಸ್ಪಾನ್ಸ್ ಬಂದಮೇಲೆ ಡೋರ್‌ಬೆಲ್ ಬಿಡೋದು. 120ಕ್ಕೊಂದು ರೆಸ್ಪಾನ್ಸ್, ಖರ್ಚೇ ಅಲ್ಲ.

ಹಳೇಸ್ಕೋಪು
ಬಫರ್ ಚಿಪ್ಪು ಎನ್‌ರೈಟ್-ಆರ್ ಬೆರೆಸೋಕೆ ಬಿಡದಿದ್ರೆ? ತುಂಬಾ ಚಿಪ್ಪುಗಳಲ್ಲಿ ಕ್ಯೂಗೆ ಒಂದೇ ಬಗೆ ಆರಿಸೋಕಾಗೋದು.

ಎಂಟಕ್ಕೆ_ಹತ್ತು
ಆಗ ಪ್ಯಾಕೆಟ್ ಒಳಗೇ ಗುರುತು ಇಡಿ. ಎಫ್‌ಪಿಜಿಎ ಪ್ರತಿ ಪ್ಯಾಕೆಟ್ಟಿನ ಕೊನೆಯ 8 ಬೈಟಲ್ಲಿ ಸರಣಿ ಸಂಖ್ಯೆ ಬರೀಲಿ, ಸ್ಯಾಂಪಲ್ಲಿಗೆ ಉಳಿಯೋದು 248. ಡೋರ್‌ಬೆಲ್ ಬಂದಾಗ ಡಿಎಸ್‌ಪಿ ಕೊನೇ ಪ್ಯಾಕೆಟ್ಟಿನ ಸಂಖ್ಯೆ ನೋಡಿ, ಹೊಸದಾಗಿದ್ರೆ ಮಾತ್ರ ಮುಂದುವರಿಯಲಿ. ನೋಡೋ ಮುಂಚೆ ಆ ಕ್ಯಾಷ್ ಲೈನನ್ನ ಇನ್‌ವ್ಯಾಲಿಡೇಟ್ (ಹಳೆ ನಕಲು ರದ್ದು) ಮಾಡೋದು ಮರೀಬೇಡಿ. ಟಿಐನ ಸಿ66ಎಕ್ಸ್ ಕೋರಲ್ಲಿ ಎಲ್1ಡಿ ಲೈನ್ 64 ಬೈಟ್, ಎಲ್2 ಲೈನ್ 128. ರಿಂಗಿನ ಶುರು 128ಕ್ಕೆ ಹೊಂದಿಲ್ಲ ಅಂದ್ರೆ ಅಕ್ಕಪಕ್ಕದ ವೇರಿಯಬಲ್ಲೂ ಜೊತೆಗೇ ಹಾಳಾಗತ್ತೆ.

ಎಸ್‌ರೈಟ್ ಪೇಲೋಡ್ 8ರ ಗುಣಕದಲ್ಲೇ ಇರಬೇಕು, ಗುರುತು ಸೇರಿ 256, ಆ ಲೆಕ್ಕಕ್ಕೆ ಸರಿ. ಆದ್ರೆ ಸಬ್‌ಫ್ರೇಮಿಗೆ 1920 ಅನ್ನೋ ಚಂದದ ಸಂಖ್ಯೆ ಕೆಟ್ಟುಹೋಗತ್ತೆ, ಅದೊಂದು ನಷ್ಟ.

ಲೇನ್_ಎರಡು
ಡೋರ್‌ಬೆಲ್ಲಲ್ಲಿ ಇನ್ನೊಂದು. 16 ಬಿಟ್ ಮಾಹಿತಿ ಒಯ್ಯತ್ತೆ ನಿಜ, ಆದ್ರೆ ಎಷ್ಟೋ ಡಿಎಸ್‌ಪಿಗಳಲ್ಲಿ ಅದು ಸ್ಟೇಟಸ್ ರಿಜಿಸ್ಟರಿನ ಒಂದು ಬಿಟ್ ಏರಿಸತ್ತೆ ಅಷ್ಟೆ. ಇಂಟರಪ್ಟ್ ಮುಗಿಸೋ ಮುಂಚೆ ಅದೇ ಡೋರ್‌ಬೆಲ್ ಎರಡನೇ ಸಲ ಬಂದ್ರೆ ಎರಡೂ ಸೇರಿ ಒಂದಾಗತ್ತೆ. ‘ಡೋರ್‌ಬೆಲ್ ಎಣಿಸಿ, 120ರಿಂದ ಗುಣಿಸಿ’ ಅಂತ ಬರೆದ ಕೋಡು ಒಂದಲ್ಲ ಒಂದು ದಿನ ಕೈ ಕೊಡತ್ತೆ. ಡೋರ್‌ಬೆಲ್ ಅಂದ್ರೆ ‘ಎದ್ದು ನೋಡು’ ಅಂತ ಮಾತ್ರ. ಎಷ್ಟು ಬಂದಿದೆ ಅನ್ನೋದನ್ನ ಸರಣಿ ಸಂಖ್ಯೆಯಿಂದ ತಿಳ್ಕೊಳ್ಳಿ.

ತೂಬು_ಕಾವಲು
ಇದನ್ನ ಕೇಳಿ ಹೊಟ್ಟೆಯಲ್ಲಿ ತಳಮಳ. ನಮ್ಮ ಕೋಡು ಎಣಿಸತ್ತೆ.

ಜಿಟ್ಟರ್‌ಜಗಳ
ಪ್ರಯಾರಿಟಿ ಬಗ್ಗೆ ಮಾತು ಬಂತಲ್ಲ, ಡೋರ್‌ಬೆಲ್ಲನ್ನ 3ಕ್ಕೆ ಏರಿಸಿದ್ರೆ ಬೇಗ ಹೋಗಲ್ವಾ ಅಂತ ಯಾರಾದ್ರೂ ಕೇಳೋ ಮುಂಚೆ ಹೇಳಿಬಿಡ್ತೀನಿ. ಬೇಡ. ರೆಸ್ಪಾನ್ಸ್ ಬೇಕಾದ ಯಾವ ರಿಕ್ವೆಸ್ಟೂ 3ರಲ್ಲಿ ಹೋಗಬಾರದು. ರೆಸ್ಪಾನ್ಸ್ ತನ್ನ ರಿಕ್ವೆಸ್ಟಿಗಿಂತ ಒಂದು ಮೆಟ್ಟಿಲು ಮೇಲಿರಬೇಕು, 3ರ ಮೇಲೆ ಮೆಟ್ಟಿಲಿಲ್ಲ. ಎರಡೂ ಕಡೆ ರಿಕ್ವೆಸ್ಟ್ ತುಂಬಿ ನಿಂತಾಗ ರೆಸ್ಪಾನ್ಸಿಗೆ ಜಾಗ ಸಿಗದೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ತಾ ಕೂರ್ತಾರೆ. ಡೋರ್‌ಬೆಲ್ಲಿಗೂ ರೆಸ್ಪಾನ್ಸ್ ಉಂಟು.

ಸುಮ್ನೆ_ಓದುಗ
ವಾಟರ್‌ಮಾರ್ಕ್ 120 ಅಂದ್ರೆ, 119 ಪ್ಯಾಕೆಟ್ ಬಂದು ಸ್ಟ್ರೀಮ್ ನಿಂತುಬಿಟ್ರೆ?

ಕಣಜ
119 ಒಳಗೇ ಕೊಳೀತವೆ. ಹೊಸಬರು ‘ಕೊನೇ ಫ್ರೇಮ್ ಯಾವಾಗಲೂ ಬರಲ್ಲ’ ಅಂತ ದೂರೋದಕ್ಕೆ ಇದೇ ಕಾರಣ. ಒಂದೋ ಚಿಪ್ಪಲ್ಲಿ ಫ್ಲಷ್ ಕಮ್ಯಾಂಡ್ ಇಲ್ಲವೇ ಟೈಮರ್ ಇರಬೇಕು, ಇಲ್ಲಾ ಎಫ್‌ಪಿಜಿಎ ಖಾಲಿ ಪ್ಯಾಕೆಟ್ ಸೇರಿಸಿ ಕಂತು ತುಂಬಿಸಬೇಕು. ಇವರದು ಡಿಎಸ್‌ಪಿಗೆ ಸಬ್‌ಫ್ರೇಮಿಗೆ 960 ಪ್ಯಾಕೆಟ್, 120ರಿಂದ ಸರಿಯಾಗಿ ಎಂಟು ಕಂತು. ಶೇಷ ಉಳಿಯಲ್ಲ. ಆ 120 ಸುಮ್ಮನೆ ಆರಿಸಿದ್ದಲ್ಲ ಅನ್ಸತ್ತೆ.

ಗುರಿಯ ರಿಂಗೂ ಹಾಗೇ. ನಾಲ್ಕು ಸಬ್‌ಫ್ರೇಮ್ ಹಿಡಿಸೋ ರಿಂಗ್ ಅಂದ್ರೆ 9,83,040 ಬೈಟ್. ಅದನ್ನ ‘ದುಂಡಗಿರಲಿ’ ಅಂತ 10,48,576ಕ್ಕೆ ಏರಿಸಿದ್ರೆ ಸಬ್‌ಫ್ರೇಮಿನ ಗಡಿ ಪ್ರತಿ ಸುತ್ತಿಗೂ ಜಾರತ್ತೆ.

ಹಳೇಸ್ಕೋಪು
‘ವಾಟರ್‌ಮಾರ್ಕ್’ ಅನ್ನೋ ಪದದಲ್ಲಿ ಎರಡು ಅರ್ಥ ಕಲಸಿಹೋಗ್ತಿದೆ, ಬಿಡಿಸಿ ಹೇಳಿ. ಒಂದು ಈ ಕ್ಯೂ ವಾಟರ್‌ಮಾರ್ಕ್. ಇನ್ನೊಂದು ಲಿಂಕ್ ಪದರದಲ್ಲಿ, ಕಳಿಸೋ ಕಡೆ ಇರೋದು. ಎದುರಿನವರ ಖಾಲಿ ಬಫರ್ ಸಂಖ್ಯೆ ಇಷ್ಟಕ್ಕಿಂತ ಇಳಿದ್ರೆ ಪ್ರಯಾರಿಟಿ 0 ಕಳಿಸಬೇಡ, ಇನ್ನೂ ಇಳಿದ್ರೆ 1 ಕಳಿಸಬೇಡ ಅನ್ನೋ ಮಟ್ಟಗಳು. ಎರಡಕ್ಕೂ ಸಂಬಂಧ ಇಲ್ಲ.

ಬಿಟ್‌ಎಣಿಕೆ
ಸರಿಯಾದ ಮಾತು, ಜೊತೆಗೆ ಇದೂ ಇರಲಿ. ಎದುರಿನವರು ಕಂಟ್ರೋಲ್ ಸಿಂಬಲ್ಲಿನ 5 ಬಿಟ್ ಬಫರ್-ಸ್ಥಿತಿಯಲ್ಲಿ ಖಾಲಿ ಸಂಖ್ಯೆ ಹೇಳ್ತಾ ಇದ್ರೆ ಕಳಿಸೋರು ಮೊದಲೇ ನಿಲ್ತಾರೆ. ಅಲ್ಲಿ ಯಾವಾಗಲೂ 31 ಅಂತ ಬರ್ತಿದ್ರೆ ಅದು ಸಂಖ್ಯೆಯಲ್ಲ, ‘ನೀ ಕಳಿಸು, ಜಾಗ ಇಲ್ಲದಿದ್ರೆ ರೀಟ್ರೈ ಹೇಳ್ತೀನಿ’ ಅನ್ನೋ ವಿಧಾನ. ಎರಡನೇದರಲ್ಲಿ ಒಂದು ಪ್ಯಾಕೆಟ್ಟಿಗೆ ರೀಟ್ರೈ ಬಿದ್ರೆ ಅದರ ಹಿಂದೆ ತಂತಿಯಲ್ಲಿದ್ದ ಎಲ್ಲವನ್ನೂ ಎದುರಿನವರು ಬಿಸಾಕ್ತಾರೆ, ಎಲ್ಲ ಮತ್ತೆ ಕಳಿಸಬೇಕು. ಬಫರ್ ತುಂಬೋ ಹೊತ್ತಿಗೆ ಲಿಂಕಿನ ಉಪಯುಕ್ತ ವೇಗವೂ ಬೀಳತ್ತೆ, ಬರಗಾಲದಲ್ಲಿ ಅಧಿಕ ಮಾಸ. @ತೂಬು_ಕಾವಲು ಎಫ್‌ಪಿಜಿಎ ಕಡೆ ಯಾವುದಿದೆ ನೋಡಿ.

ಆ್ಯಕ್‌ಐಡಿ (ಒಪ್ಪಿಗೆಗಾಗಿ ಪ್ಯಾಕೆಟ್ಟಿಗೆ ಹಾಕೋ ಸರಣಿ ಸಂಖ್ಯೆ) 5 ಬಿಟ್, ಒಪ್ಪಿಗೆ ಬರದೆ ಹಾರಾಡಬಹುದಾದ ಪ್ಯಾಕೆಟ್ 31. 276ರಿಂದ ಗುಣಿಸಿದ್ರೆ ಸುಮಾರು 8.5 ಕಿಲೋಬೈಟ್. ‘ಫುಲ್ ಆಗ್ತಿದೆ’ ಅಂತ ಎಫ್‌ಪಿಜಿಎಗೆ ಸಿಗ್ನಲ್ ಕೊಡೋದಾದ್ರೆ ಕನಿಷ್ಠ ಅಷ್ಟು ಜಾಗ ಬಾಕಿ ಇರುವಾಗಲೇ ಕೊಡಬೇಕು.

ಲೇನ್_ಎರಡು
ಸಣ್ಣ ಕೊಂಕು: ಪ್ಯಾಕೆಟ್ಟುಗಳು ಬೆನ್ನಿಗೆ ಬೆನ್ನು ಬರುವಾಗ ಮುಂದಿನದರ ಶುರು ಸಿಂಬಲ್ಲೇ ಹಿಂದಿನದರ ಕೊನೆ. ಹಾಗಾಗಿ 276 ಅಲ್ಲ, 272. ಒಂದು ಲೇನಿಗೆ 2.35 ಗಿಗಾಬಿಟ್, ಬಫರ್ ತುಂಬೋ ಸಮಯ 10.6 ಮಿಲಿಸೆಕೆಂಡ್.

ಬಿಟ್‌ಎಣಿಕೆ
ಕೊಂಕಲ್ಲ, ಒಪ್ಪಿದೆ.

ತೂಬು_ಕಾವಲು
ಕೆಟ್ಟ ಬೂಟ್ ಸಿಕ್ಕಿತು. ಸ್ವಿಚ್ ಕಡೆ ಹೆಕ್ಸ್ 5ಸಿ, ಮಾಸ್ಕ್ ಮಾಡಿದಾಗ ಸೊನ್ನೆ. ಬಫರ್ ಕಡೆಯೂ ಸೊನ್ನೆ. 1ಎಕ್ಸ್, ಲೇನ್ 0. ಮಿಕ್ಕ ಲಿಂಕೆಲ್ಲ 10000000. ಟೈಮರಲ್ಲಿ ತುಂಬಿದ ಸಮಯ 10.6 ಮಿಲಿಸೆಕೆಂಡ್. ಕೈ ಮುಗಿದೆ.

ಈಗ 4ಎಕ್ಸ್ ಬಿಟ್ಟು ಬೇರೆ ಬೇಡ ಅಂತ ಲಿಂಕಿಗೆ ಹೇಳೋದು ಹೇಗೆ?

ಹಳೇಸ್ಕೋಪು
ಸರಿ, ಡಿಎಸ್‌ಪಿ ನಿರಪರಾಧಿ.

ಮೊದಲ ತಲೆಮಾರಿನ ಪೋರ್ಟಲ್ಲಿ ಹಾಗೆ ಹೇಳೋಕೆ ಆಗಲ್ಲ. ಅದೇ ರಿಜಿಸ್ಟರಲ್ಲಿ ಅಗಲ ಬದಲಿಸೋ ಮೂರು ಬಿಟ್ ಇದೆ, ಆದ್ರೆ ಅದು ಲೇನ್ 0 ಅಥವಾ ಲೇನ್ 2ಕ್ಕೆ ಇಳಿಸೋಕೆ ಮಾತ್ರ. ಏರಿಸೋಕಿಲ್ಲ. ಸಾಫ್ಟ್‌ವೇರೇ ಅಗಲ ಓದಿ, 4ಎಕ್ಸ್ ಅಲ್ಲದಿದ್ರೆ ಪೋರ್ಟನ್ನ ಮತ್ತೆ ಎಬ್ಬಿಸಬೇಕು. ಸ್ಟ್ರೀಮ್ ಶುರು ಮಾಡೋ ಮುಂಚೆ ಈ ತಪಾಸಣೆ ಕಡ್ಡಾಯ.

ಜಿಟ್ಟರ್‌ಜಗಳ
ಅದು ತೇಪೆ. ಯಾಕೆ 1ಎಕ್ಸ್ ಆಯ್ತು ಅಂತ ಹುಡುಕಿ. ನಾಲ್ಕೂ ಲೇನ್ ಸಿಂಕ್ ಆಗಿ, ಒಂದಕ್ಕೊಂದು ಹೊಂದಿಕೊಂಡ್ರೆ ಮಾತ್ರ 4ಎಕ್ಸ್. ಹುಡುಕಾಟದ ಟೈಮರ್ 12 ಮಿಲಿಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಒಂದು ಲೇನ್ ತಡವಾದ್ರೂ ಸಿಕ್ಕ ಲೇನಲ್ಲೇ ಎದ್ದುಬಿಡತ್ತೆ, ಆಮೇಲೆ ಮಿಕ್ಕವು ಸರಿಯಾದ್ರೂ ತಾನಾಗಿ 4ಎಕ್ಸಿಗೆ ಏರಲ್ಲ.

ನೋಡಬೇಕಾದ್ದು: ರೆಫರೆನ್ಸ್ ಕ್ಲಾಕ್ ಸ್ಥಿರವಾಗೋ ಮುಂಚೆ ಯಾರಾದ್ರೂ ರೀಸೆಟ್ ಬಿಡ್ತಿದ್ದಾರಾ? ಎರಡೂ ಕಡೆ ಪಿಎಲ್‌ಎಲ್ (ಒಳಗಿನ ಕ್ಲಾಕ್ ಹುಟ್ಟಿಸೋ ಭಾಗ) ಲಾಕ್ ಆಗಿದೆಯಾ? ಲೇನುಗಳ ಜೋಡಿಯಲ್ಲಿ 100 ನ್ಯಾನೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಎಲ್ಲ ಸರಿಯಾಗಿ ಬೆಸುಗೆ ಆಗಿದೆಯಾ? ಒಂದೊಂದೇ ಲೇನಿಗೆ ಪಿಆರ್‌ಬಿಎಸ್ (ಪರೀಕ್ಷೆಯ ಬಿಟ್ ಸಾಲು) ಹಾಕಿ ತಪ್ಪು ಎಣಿಸಿ. ಲೇನ್ 0 ಸಿಕ್ಕಿದೆ ಅಂದ್ರೆ ಅನುಮಾನ ಇರಬೇಕಾದ್ದು 1, 2, 3ರ ಮೇಲೆ.

ಸುಮ್ನೆ_ಓದುಗ
ಓಡ್ತಾ ಇರುವಾಗ ಮಧ್ಯದಲ್ಲೇ 1ಎಕ್ಸಿಗೆ ಬಿದ್ರೂ ಇದೇ 10.6 ಬರತ್ತಾ?

ಜಿಟ್ಟರ್‌ಜಗಳ
ಇಲ್ಲ. ಮಧ್ಯದಲ್ಲಿ ಬಿದ್ರೆ ಮತ್ತೆ ಆ ಹುಡುಕಾಟ ನಡೀಬೇಕು, ಅಷ್ಟು ಹೊತ್ತು ಒಂದು ಪ್ಯಾಕೆಟ್ಟೂ ಹೋಗಲ್ಲ. 4.3 ಮಿಲಿಸೆಕೆಂಡಿಗೇ ತುಂಬಿರತ್ತೆ. 10.6 ಅಂದ್ರೆ ಬೂಟ್ ಸಮಯದ್ದೇ.

ತೂಬು_ಕಾವಲು
ಬಫರ್ ಕಡೆ ಪೋರ್ಟ್ ಮಾತ್ರ ರೀಸೆಟ್ ಮಾಡಿದೆ. 4ಎಕ್ಸ್ ಬಂತು, ಎರಡೂ ಕಡೆ ‘ಪೋರ್ಟ್ ಓಕೆ’. ಆದ್ರೆ ಈಗ ಒಂದು ಪ್ಯಾಕೆಟ್ಟೂ ದಾಟ್ತಿಲ್ಲ. ಸ್ವಿಚ್ ಕಡೆ ಹೆಕ್ಸ್ 58ರಲ್ಲಿ 00010100 ಬಿಟ್ಟುಗಳು ಎದ್ದಿವೆ.

ಲೇನ್_ಎರಡು
ಆ್ಯಕ್‌ಐಡಿ ತಾಳೆ ತಪ್ಪಿದೆ. ಬಫರ್ ರೀಸೆಟ್ ಆಗಿ ಸೊನ್ನೆಯಿಂದ ಎಣಿಸ್ತಿದೆ, ಸ್ವಿಚ್ಚು ಹಳೆಯ ಲೆಕ್ಕದಲ್ಲೇ ಇದೆ. ಆ ಎರಡು ಬಿಟ್ ಅಂದ್ರೆ ಹೊರ ಮತ್ತು ಒಳ ಎರಡೂ ದಿಕ್ಕು ‘ದೋಷ, ನಿಂತಿದೆ’ ಸ್ಥಿತಿಯಲ್ಲಿವೆ.

ಸ್ವಿಚ್ ಕಡೆಯಿಂದ ಮಾಡಿ: ಬ್ಲಾಕಿನ ಹೆಕ್ಸ್ 40ಕ್ಕೆ 4 ಬರೀರಿ. ಅದು ಲಿಂಕ್-ರಿಕ್ವೆಸ್ಟ್, ‘ನಿನ್ನ ಇನ್‌ಪುಟ್ ಸ್ಥಿತಿ ಹೇಳು’ ಅಂತ. ಹೆಕ್ಸ್ 44 ಓದ್ತಾ ಇರಿ, ಎಲ್ಲಕ್ಕಿಂತ ಮೇಲಿನ ಬಿಟ್ 1 ಆದ್ರೆ ಉತ್ತರ ಬಂದಿದೆ. ಅದರಲ್ಲಿ 3ಇ0 ಮಾಸ್ಕಿನಲ್ಲಿರೋದು ಎದುರಿನವರು ಕಾಯ್ತಿರೋ ಆ್ಯಕ್‌ಐಡಿ. ಅದನ್ನ ಹೆಕ್ಸ್ 48ರ ಕೆಳಗಿನ 5 ಬಿಟ್ಟಿಗೆ ಬರೀರಿ, ಹೊರಹೋಗೋ ಲೆಕ್ಕ ಸರಿಯಾಗತ್ತೆ. ಒಳಬರೋ ಲೆಕ್ಕ ಅದೇ ರಿಜಿಸ್ಟರಿನ ಮೇಲಿನ ಬೈಟಿನ ಕೆಳ 5 ಬಿಟ್, ಅದಕ್ಕೆ 0. ಎರಡನ್ನೂ ಒಂದೇ ಸಲ ಬರೀರಿ. ಆಮೇಲೆ 58 ಮತ್ತೆ ಓದಿ, ಆ ಬಿಟ್ಟುಗಳು ಇಳಿದಿವೆಯಾ ನೋಡಿ.

ಈ 40, 44, 48 ಮೂರೂ ಎಲ್ಲ ಪೋರ್ಟಲ್ಲೂ ಇರಲ್ಲ, ಸಾಫ್ಟ್‌ವೇರ್ ನೆರವಿನ ಚೇತರಿಕೆ ಇರೋ ಬ್ಲಾಕಲ್ಲಿ ಮಾತ್ರ.

ಹಳೇಸ್ಕೋಪು
ಅಷ್ಟೆಲ್ಲ ಯಾಕೆ, ಬೂಟ್ ಸಮಯ ತಾನೇ. ಎರಡೂ ಕಡೆ ಒಟ್ಟಿಗೆ ರೀಸೆಟ್ ಮಾಡಿ, ಎರಡೂ ಸೊನ್ನೆಯಿಂದ ಶುರು ಮಾಡ್ತವೆ. ಲಿಂಕಿನ ಮೇಲೆಯೇ ಮಾಡೋದಾದ್ರೆ ರೀಸೆಟ್ ಕಮ್ಯಾಂಡಿನ ಲಿಂಕ್-ರಿಕ್ವೆಸ್ಟ್ ಬೆನ್ನಿಗೆ ಬೆನ್ನು ನಾಲ್ಕು ಹೋಗಬೇಕು, ಒಂದು ಹೋದ್ರೆ ಎದುರಿನವರು ಲೆಕ್ಕಕ್ಕೆ ತಗೊಳ್ಳಲ್ಲ.

ಸುಮ್ನೆ_ಓದುಗ
ಇಷ್ಟು ಗೋಳು ಪಡೋ ಬದಲು ಈಥರ್ನೆಟ್ ಹಾಕಬಾರದಾ?

ಕಣಜ
ಈಥರ್ನೆಟ್ಟಿಗೂ ‘ತಾಳು’ ಅನ್ನೋದಿದೆ. ಹಳೆಯ ಪಾಜ್ (ತಡೆ) ಫ್ರೇಮ್ ಇಡೀ ಲಿಂಕನ್ನೇ ನಿಲ್ಲಿಸತ್ತೆ, ಪ್ರಯಾರಿಟಿಗೊಂದು ಪಾಜ್ ಇರೋದು 802.1ಕ್ಯೂಬಿಬಿಯಲ್ಲಿ, ಎಂಟು ದರ್ಜೆ. ಅದಿಲ್ಲದ ಸ್ವಿಚ್ ಜಾಗ ಇಲ್ಲದಿದ್ರೆ ಸದ್ದಿಲ್ಲದೆ ಬೀಳಿಸತ್ತೆ. ರ‍್ಯಾಪಿಡ್‌ಐಒದಲ್ಲಿ ಪ್ರತಿ ಹೆಜ್ಜೆಗೂ ಒಪ್ಪಿಗೆ, ತಪ್ಪಿದ್ರೆ ಹಾರ್ಡ್‌ವೇರೇ ಮತ್ತೆ ಕಳಿಸತ್ತೆ. ಗೋಳು ಎರಡರಲ್ಲೂ ಇದೆ, ಜಾಗ ಬೇರೆ.

ಜಿಟ್ಟರ್‌ಜಗಳ
ಹೊಸ ವಿನ್ಯಾಸಕ್ಕೆ ಈಥರ್ನೆಟ್ಟೇ ಸರಿ, ಚಿಪ್ಪು ಸಿಗತ್ತೆ, ಗೊತ್ತಿರೋರು ಸಿಗ್ತಾರೆ. ಈ ಮಾತಿಗೆ ಬೇರೆ ಚರ್ಚೆ ತೆಗೀರಿ, ಇಲ್ಲಿ ಬೇಡ.

ತೂಬು_ಕಾವಲು
ಸುದ್ದಿ. ಸ್ವಿಚ್ಚಿನ ರೀಸೆಟ್ಟನ್ನ ಕ್ಲಾಕ್ ಚಿಪ್ಪಿನ ಲಾಕ್ ಸಿಗ್ನಲ್ಲಿಗೆ ಕಾಯದೆ ಬರೀ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ವಿಳಂಬದಿಂದ ಬಿಡ್ತಿದ್ರು. ಲಾಕ್ ಆದಮೇಲೆ ಸ್ವಿಚ್, ಆಮೇಲೆ ಬಫರ್, ಆಮೇಲೆ ಎಫ್‌ಪಿಜಿಎ, ಈ ಕ್ರಮಕ್ಕೆ ತಂದೆ. 50 ಸಲ ಆನ್-ಆಫ್ ಮಾಡಿದೆ, 50ಕ್ಕೆ 50 4ಎಕ್ಸ್. ಬೂಟ್ ಕೋಡಲ್ಲಿ ಅಗಲದ ತಪಾಸಣೆ ಸೇರಿಸಿದ್ದೇನೆ. ಡೋರ್‌ಬೆಲ್ ಪ್ರಯಾರಿಟಿ 1ಕ್ಕೆ ಇಳಿಸಿದೆ, ಎಣಿಸೋ ಕೋಡು ಕಿತ್ತುಹಾಕ್ತಿದ್ದೇನೆ.

ಜಿಟ್ಟರ್‌ಜಗಳ
50 ಸಲನೂ ಒಂದೇ ತಾಪಮಾನದಲ್ಲಿ ತಾನೇ? ಪಿಆರ್‌ಬಿಎಸ್ ಹಾಕಿದ್ರಾ?

ತೂಬು_ಕಾವಲು
ಈಗ ಓಡ್ತಿದೆ, ಬೋರ್ಡು ಬಿಸಿ ಮಾಡಿಟ್ಟು. ಲೇನ್ 0, 1, 2ರಲ್ಲಿ ಈವರೆಗೆ ಸೊನ್ನೆ ತಪ್ಪು. ಲೇನ್ 3ರಲ್ಲಿ 2.

ಜಿಟ್ಟರ್‌ಜಗಳ
ಹಾಗಿದ್ರೆ ಆ ಲೇನಿನ ಎರಡು ಕೆಪಾಸಿಟರ್ ಮೈಕ್ರೋಸ್ಕೋಪಲ್ಲಿ ನೋಡಿ, ಫೋಟೋ ಹಾಕಿ. ಅಲ್ಲಿವರೆಗೆ ‘ಸರಿಯಾಯ್ತು’ ಅಂತ ಗುರುತು ಹಾಕಬೇಡಿ.